ಸ್ವಿಚ್ಚು ಒಂದು ಜೀನಿನದು, ದೀಪ ಇನ್ನೊಂದರದು

ಜೀನ್ ಎಂದರೆ ಪ್ರೋಟೀನು ತಯಾರಿಕೆಯ ಸೂಚನೆ ಎಂದು ನೀವು ಓದಿದ್ದೀರಿ. ಆ ಸೂಚನೆ ಯಾವಾಗ ಜಾರಿಗೆ ಬರಬೇಕು? ಅದನ್ನು ನಿರ್ಧರಿಸುವುದು ಜೀನಿನ ಆರಂಭದಲ್ಲಿರುವ ನಿಯಂತ್ರಕ ಭಾಗ. ಭೌತವಿಜ್ಞಾನದವನಾದ ನಾನು ಅದನ್ನು ಸ್ವಿಚ್ಚು ಎಂದೇ ಕರೆಯುತ್ತೇನೆ.

ನಮ್ಮ 21ನೆಯ ಕ್ರೋಮೊಸೋಮಿನಲ್ಲಿ ಟಿಎಂಪಿಆರ್‌ಎಸ್‌ಎಸ್2 ಎಂಬ ಜೀನ್ ಇದೆ. ಟೆಸ್ಟೊಸ್ಟೆರಾನ್‌ನಂಥ ಆಂಡ್ರೊಜೆನ್ ಹಾರ್ಮೋನು ಪ್ರಾಸ್ಟೇಟ್ ಗ್ರಂಥಿಯ ಕೋಶವನ್ನು ಹೊಕ್ಕು ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಈ ಜೋಡಿ ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎಯ ನಿರ್ದಿಷ್ಟ ಸ್ಥಾನಗಳಲ್ಲಿ ಕುಳಿತರೆ ಸ್ವಿಚ್ಚು ಹಾಕಿದಂತೆ. ಪ್ರೋಟೀನುಗಳನ್ನು ಕತ್ತರಿಸುವ ಒಂದು ಕಿಣ್ವ ತಯಾರಾಗುತ್ತದೆ. ಇದರಲ್ಲಿ ಕೆಡುಕೇನೂ ಇಲ್ಲ.

ಅದೇ ಕ್ರೋಮೊಸೋಮಿನಲ್ಲಿ ಸುಮಾರು 30 ಲಕ್ಷ ಪ್ರತ್ಯಾಮ್ಲ ಜೋಡಿಗಳಾಚೆ ಇಆರ್‌ಜಿ ಎಂಬ ಜೀನ್ ಇದೆ. ಅದರ ಪ್ರೋಟೀನು ಇತರ ಅನೇಕ ಜೀನ್‌ಗಳನ್ನು ನಿಯಂತ್ರಿಸಬಲ್ಲದು. ಪ್ರಾಸ್ಟೇಟ್ ಕೋಶದಲ್ಲಿ ಅದು ಸಾಮಾನ್ಯವಾಗಿ ಸುಮ್ಮನಿರುತ್ತದೆ. ನಡುವಿನ ಡಿಎನ್‌ಎ ತುಂಡು ಕಳಚಿಹೋದರೆ? ಮೊದಲನೆಯದರ ಸ್ವಿಚ್ಚಿಗೆ ಇಆರ್‌ಜಿ ಬೆಸೆದುಕೊಳ್ಳುತ್ತದೆ. ಆಗ ಮಾಮೂಲಿ ಹಾರ್ಮೋನೇ ಕ್ಯಾನ್ಸರಿಗೆ ಒತ್ತಾಸೆಯಾಗುತ್ತದೆ.

ಈ ಬೆಸುಗೆಯನ್ನು 2005ರಲ್ಲಿ ಪ್ರಕಟಿಸಿದ್ದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡ. ಅವರು ಸರಾಸರಿಯನ್ನು ಬದಿಗಿಟ್ಟು, ಕೆಲವೇ ಗಡ್ಡೆಗಳಲ್ಲಿ ವಿಪರೀತ ಚುರುಕಾಗಿದ್ದ ಜೀನ್‌ಗಳನ್ನು ಹುಡುಕಿದರು. (ಸರಾಸರಿಗೆ ಒಗ್ಗದ ಅಳತೆಯನ್ನು ಹೊಡೆದುಹಾಕುವ ವಿದ್ಯಾರ್ಥಿಗಳು ಗಮನಿಸಬೇಕು!) ಯೂರೋಪ್ ಮೂಲದವರ ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಬೆಸುಗೆ ಕಾಣುತ್ತದೆ, ಏಷ್ಯದವರಲ್ಲಿ ಕಡಿಮೆ.

ಹಾರ್ಮೋನು ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. ಏಕೆಂಬುದಕ್ಕೆ ಒಂದು ಉತ್ತರ ಈ ಸ್ವಿಚ್ಚಿನಲ್ಲಿದೆ. ಆದರೆ ಮುಂದುವರಿದ ರೋಗದಲ್ಲಿ ಕೋಶಗಳು ಗ್ರಾಹಕಗಳನ್ನೇ ಹೆಚ್ಚಿಸಿಕೊಂಡು, ಅತ್ಯಲ್ಪ ಹಾರ್ಮೋನಿನಿಂದಲೂ ಸ್ವಿಚ್ಚು ಹಾಕಿಕೊಳ್ಳಬಲ್ಲವು. ಆದ್ದರಿಂದಲೇ ಗ್ರಾಹಕವನ್ನೇ ತಡೆಯುವ ಎನ್ಜಾಲುಟಮೈಡ್‌ನಂಥ ಔಷಧಿಗಳು ಬಳಕೆಗೆ ಬಂದವು.