ಎಲೆಯೊಳಗೆ ಅಡಗಿರುವ ಹುಳುಗಳ ಗುರುತು

ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿ ಸೀಮೆಯಲ್ಲಿ ಮಳೆಗಾಲದಲ್ಲಿ ಎಲೆಗಳ ಮೇಲೆ ಬಿಳಿಯ ಗೆರೆಗಳು ಕಂಡೊಡನೆ, ಅವೆಲ್ಲವೂ ಒಂದೇ ರೋಗವೆಂದೆಣಿಸಿ ಔಷಧವನ್ನು ಸಿಂಪಡಿಸುವ ಒಕ್ಕಲಿಗರುಂಟು. ಇದರಿಂದ ಹಣವು ವ್ಯಯವಾಗುವುದಲ್ಲದೆ ಹುಳುವು ಹಾಗೆಯೇ ಉಳಿಯುವುದು. ಎಲೆಗೆ ಮೇಲೊಂದು, ಕೆಳಗೊಂದು ತೆಳು ಪೊರೆಯಿದ್ದು ನಡುವೆ ಹಸುರು ತಿರುಳಿರುತ್ತದೆ. ಕೆಲವು ಹುಳುಗಳು ಈ ಪೊರೆಗಳ ನಡುವೆಯೇ ತಿರುಳನ್ನು ತಿಂದು ಬೆಳೆಯುತ್ತವೆ. ಮೇಲೆ ಬಿದ್ದು ಒಣಗುವ ಔಷಧವು ಅವುಗಳನ್ನು ಬಹುಮಟ್ಟಿಗೆ ಮುಟ್ಟಲಾರದು. ಆದುದರಿಂದ ಮೊದಲು ಎಲೆಯನ್ನು ಕಿತ್ತು ಬಿಸಿಲಿಗೆ ಅಡ್ಡಹಿಡಿದು ನೋಡತಕ್ಕದ್ದು.

ಭತ್ತದಲ್ಲಿ ಈ ಕೆಲಸವು ಹಿಸ್ಪಾ ಎಂಬ ದುಂಬಿಯದು. ದುಂಬಿಯು ನೀಲಿಗಪ್ಪು ಬಣ್ಣದ್ದು, ಉದ್ದವು ಸುಮಾರು 5 ಮಿಲಿಮೀಟರು, ಮೈತುಂಬ ಮುಳ್ಳುಗಳಿರುತ್ತವೆ. ಅದು ಹೊರಗೆ ಕುಳಿತು ಎಲೆಯನ್ನು ಕೆರೆಯುವುದರಿಂದ ಉದ್ದುದ್ದಕ್ಕೆ ಸಾಲಾದ ಬಿಳಿಗೆರೆಗಳು ಮೂಡುತ್ತವೆ. ಮರಿಹುಳುವಾದರೋ ಒಳಗಿದ್ದು ಬೊಬ್ಬೆಯಂತಹ ಮಚ್ಚೆಯನ್ನುಂಟುಮಾಡುತ್ತದೆ. ಬೆಳಕಿಗೆ ಹಿಡಿದರೆ ಚಪ್ಪಟೆಯಾದ ಹುಳುವು ಕಾಣುವುದು. ಎಲೆಯು ಮಡಿಚಿಕೊಂಡಿದ್ದು, ಬಿಡಿಸಿದಾಗ ಹಸುರು ಕಂಬಳಿಹುಳುವು ಕಂಡರೆ ಅದು ಎಲೆ ಸುರುಳಿ ಹುಳುವೇ ಹೊರತು ಹಿಸ್ಪಾ ಅಲ್ಲ. ಹಿಸ್ಪಾ ತನ್ನ ಮೊಟ್ಟೆಗಳನ್ನು ಹೆಚ್ಚಾಗಿ ಎಲೆಯ ತುದಿಯಲ್ಲಿಡುವುದರಿಂದ, ನಾಟಿಗೆ ಮುಂಚೆ ಸಸಿಗಳ ತುದಿಗಳನ್ನು ಕತ್ತರಿಸಿ ಹೂಳಬೇಕು. ಕಾಸು ಖರ್ಚಿಲ್ಲದ ಉಪಾಯವಿದು. ಕೂರಿಗೆಯಿಂದ ಬಿತ್ತಿದ ಗದ್ದೆಯಲ್ಲಿ ಇದಕ್ಕೆ ಅವಕಾಶವಿಲ್ಲ. ಅಲ್ಲಿ ಬದುವಿನ ಹುಲ್ಲನ್ನು ಸವರಿ, ಯೂರಿಯಾವನ್ನು ಮಿತಿಮೀರಿ ಹಾಕದಿರಬೇಕು.

ನಿಂಬೆ, ಕಿತ್ತಳೆಗಳ ಎಳೆಯ ಚಿಗುರಿನಲ್ಲಿ ಬೆಳ್ಳಿಯಂತೆ ಹೊಳೆಯುವ ಅಂಕುಡೊಂಕು ದಾರಿಯೂ, ಅದರ ನಡುವೆ ಹಿಕ್ಕೆಯ ಒಂದೇ ಕರಿಗೆರೆಯೂ ಇದ್ದರೆ ಅದು ಸಣ್ಣ ಪತಂಗದ ಮರಿಯ ಕೆಲಸ. 1856ರಲ್ಲಿ ಸ್ಟೇಂಟನ್ ಎಂಬ ಆಂಗ್ಲ ವಿದ್ವಾಂಸನು ಕಲಕತ್ತೆಯ ಮಾದರಿಗಳಿಂದ ಇದನ್ನು ವರ್ಣಿಸಿದನು. 1993ರಲ್ಲಿ ಇದು ಅಮೇರಿಕೆಯ ಫ್ಲಾರಿಡಾ ತೋಟಗಳನ್ನೂ ಹೊಕ್ಕಿತು. ಬಲಿತ ಎಲೆಯನ್ನು ಇದು ಮುಟ್ಟದು. ದೊಡ್ಡ ಮರಕ್ಕೆ ಇದರಿಂದ ಹೆಚ್ಚಿನ ಬಾಧೆಯಿಲ್ಲವಾದರೂ ಎಳೆಯ ಸಸಿಗೆ ಕೇಡು. ಹುಳು ಮಾಡಿದ ಗಾಯದೊಳಗೆ ಕಜ್ಜಿರೋಗವೂ ಸೇರುವುದು. ಚಿಗುರೊಡೆಯುವಾಗಲೇ ನೂರಕ್ಕೆ 5ರಂತೆ ಬೇವಿನ ಬೀಜದ ಕಷಾಯವನ್ನು ಸಿಂಪಡಿಸಬೇಕು. ಬಳಿಕ ಸಿಂಪಡಿಸಿದರೆ ಶ್ರಮವು ವ್ಯರ್ಥ.

ಟೊಮೇಟೊ, ಅವರೆ, ಸೌತೆಗಳ ಎಲೆಯ ಮೇಲೆ ರಂಗೋಲಿಯಂತೆ ಗೆರೆಯೆಳೆಯುವುದು ಒಂದು ಚಿಕ್ಕ ನೊಣದ ಮರಿ. ರಂಗೋಲಿ ಹುಳುವೆಂದೇ ಇದರ ಹೆಸರು. ಈ ನೊಣವು 1990ರ ಆಸುಪಾಸಿನಲ್ಲಿ ಹೊರದೇಶದಿಂದ ಭಾರತಕ್ಕೆ ಬಂದುದು. ಮರಿಗೆ ಕಾಲುಗಳಿಲ್ಲ, ಹಿಕ್ಕೆಯು ದಾರಿಯ ಎರಡೂ ಅಂಚುಗಳಲ್ಲಿ ತುಂಡುತುಂಡಾಗಿ ಬಿದ್ದಿರುತ್ತದೆ. ಗೆರೆಯ ಕೊನೆಯಲ್ಲಿ ಅರ್ಧಚಂದ್ರಾಕಾರದ ಸೀಳಿದ್ದರೆ ಮರಿಯು ಹೊರಬಿದ್ದು ಕೋಶವಾಗಲು ಹೋಗಿದೆಯೆಂದು ತಿಳಿಯಬೇಕು. ದುಂಡನೆಯ ಸಣ್ಣ ತೂತಿದ್ದರೆ ಅಲ್ಲಿ ಪರೋಪಜೀವಿ ಕಣಜವು ಮರಿಯನ್ನು ತಿಂದು ಹೊರಟುಹೋಗಿರುತ್ತದೆ. ಇಂಥ ತೂತುಗಳು ಹೇರಳವಾಗಿರುವ ಹೊಲದಲ್ಲಿ ಔಷಧದ ಡಬ್ಬಿಯನ್ನು ತೆರೆಯಲೇ ಬಾರದು. ಕಣಜವು ಸತ್ತರೆ ನೊಣವು ಇಮ್ಮಡಿಸುವುದು.

ಸಾಗವಾನಿಯ ಎಲೆಯು ನರಗಳ ಜಾಳಿಗೆ ಮಾತ್ರವಾಗಿ ಉಳಿದುದನ್ನು ಕಂಡು ಇದೂ ಒಳಗಿನ ಹುಳುವೆಂದು ಭ್ರಮಿಸುವುದುಂಟು. ಅದು ಹೊರಗಿನಿಂದಲೇ ತಿರುಳನ್ನು ಮೇಯುವ ಬೇರೊಂದು ಕಂಬಳಿಹುಳು. ಎಲೆಯುದುರುವ ಕಾಲಕ್ಕೆ ಮುನ್ನ ಬದುವಿನ ಮರಗಳು ಹೀಗೆ ಕಂದಿದವೆಂದು ಹೆದರಿ ಕಡಿಸಬಾರದು. ಮುಂದಿನ ಚಿಗುರಿನಲ್ಲಿ ಅವು ಮರಳಿ ಹಸುರಾಗುವವು.