ಹೊಸ ಚಕ್ರ ಹಾಕಿಸಿದ ಮೇಲೆ ಆರದ ಹಳದಿ ದೀಪ

ಕಾರ್ಕಳದಿಂದ ಮಾಳದತ್ತ ಸಾಗುವ ೧೬೯ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲೆ ಬಜಗೋಳಿ ಇದೆ. ಇಲ್ಲಿ ಒಂದು ದಾರಿ ಹೊಸ್ಮಾರು, ನಾರಾವಿಯ ಕಡೆಗೆ ಕವಲೊಡೆಯುತ್ತದೆ. ಹೆದ್ದಾರಿ ಮಾಳ ದಾಟಿ ಘಟ್ಟ ಹತ್ತುತ್ತದೆ. ಈ ಭಾಗದ ಕೃಷಿಕರು ಅಡಿಕೆ, ತೆಂಗು, ರಬ್ಬರ್ ಶೀಟು, ಹಿಂಡಿ, ಗೊಬ್ಬರಗಳ ಸಾಗಾಟಕ್ಕೂ ಮನೆಯ ಓಡಾಟಕ್ಕೂ ಬಳಸುವ ಹೊಸ ವಾಹನಗಳಲ್ಲಿ ಈಚಿನ ವರ್ಷಗಳಲ್ಲಿ ಟೈರಿನ ಗಾಳಿಯ ಒತ್ತಡವನ್ನು ತಿಳಿಸುವ ವ್ಯವಸ್ಥೆ ಬರುತ್ತಿದೆ. ಹೊಸ ಚಕ್ರ ಹಾಕಿಸಿದ ಮರುದಿನವೇ ಲಾಳದಾಕಾರದ ಗುರುತಿನೊಳಗೆ ಆಶ್ಚರ್ಯಸೂಚಕ ಚಿಹ್ನೆಯಿರುವ ಹಳದಿ ದೀಪ ಹೊತ್ತಿಕೊಂಡು ಆರುವುದೇ ಇಲ್ಲವೆಂಬುದು ಹಲವರ ದೂರು. ಒಂದು ಗ್ಯಾರೇಜಿನವರು "ಅದು ಹಾಗೆಯೇ, ಚಿಂತೆ ಬೇಡ" ಎನ್ನುತ್ತಾರೆ. ಇನ್ನೊಂದು ಕಡೆ ನಾಲ್ಕೂ ಸೆನ್ಸರ್ ಬದಲಿಸಲು ಹೇಳುತ್ತಾರೆ. ಪರೀಕ್ಷಿಸದೆ ಎರಡನ್ನೂ ಒಪ್ಪಬೇಡಿ.

ಬೇಸಾಯಶಾಸ್ತ್ರದವನಿಗೆ ಟೈರಿನ ಗೊಡವೆ ಏಕೆಂದು ನೀವು ಕೇಳಬಹುದು. ಅಡಿಕೆಯ ಸೋಗೆ ಹಳದಿಯಾದ ಕೂಡಲೇ ಯೂರಿಯಾ ಸುರಿಯುವವರನ್ನು ನಾವು ದಿನವೂ ನೋಡುತ್ತೇವೆ. ಬುಡದಲ್ಲಿ ನೀರು ನಿಂತಿರಬಹುದು, ಪೊಟ್ಯಾಷ್ ಕೊರತೆಯಿರಬಹುದು, ರೋಗವೂ ಇರಬಹುದು. ಹಳದಿ ದೀಪದ ವಿಷಯದಲ್ಲಿಯೂ ಆಗುತ್ತಿರುವುದು ಅದೇ.

ಮೊದಲು ಗೇಜು ಹಿಡಿಯಿರಿ

ವಾಹನ ಕನಿಷ್ಠ ಮೂರು ಗಂಟೆ ನಿಂತ ಬಳಿಕ, ಬೆಳಿಗ್ಗೆ ತಣ್ಣಗಿರುವಾಗ, ನಾಲ್ಕೂ ಟೈರಿನ ಒತ್ತಡವನ್ನು ಗೇಜಿನಿಂದ ಅಳೆಯಿರಿ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಹೊರೆ ಇರುವಾಗ, ಇಲ್ಲದಿರುವಾಗ ಎಂದು ಎರಡು ಲೆಕ್ಕ ಕೊಟ್ಟಿರುವುದೂ ಉಂಟು. ಟೈರಿನ ಬದಿಯಲ್ಲಿ ಮುದ್ರಿಸಿದ ಅಂಕಿ ಗರಿಷ್ಠ ಮಿತಿಯೇ ಹೊರತು ನೀವು ತುಂಬಿಸಬೇಕಾದ ಪ್ರಮಾಣವಲ್ಲ. ಟೈರು ಬದಲಿಸುವ ಅಂಗಡಿಗಳಲ್ಲಿ ಎಲ್ಲ ವಾಹನಗಳಿಗೂ ಒಂದೇ ಅಳತೆಯಲ್ಲಿ ಗಾಳಿ ತುಂಬಿ ಕಳುಹಿಸುವ ರೂಢಿ ಇದೆ. ದೀಪ ಹೊತ್ತಲು ಎಷ್ಟೋ ವೇಳೆ ಇಷ್ಟೇ ಕಾರಣ.

ಉಷ್ಣತೆ ೬ ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಸುಮಾರು ೧ ಪೌಂಡು ಇಳಿಯುತ್ತದೆ. ಮಾಗಿಯ ಮುಂಜಾನೆ ಹೊತ್ತಿದ ದೀಪ ಮಧ್ಯಾಹ್ನ ತಾನಾಗಿ ಆರಿದರೆ ಗಾಳಿ ಅಂಚಿನಲ್ಲಿದೆಯೆಂದು ತಿಳಿಯಬೇಕು. ಘಟ್ಟ ಇಳಿದು ಬಂದ ಬಿಸಿ ಟೈರಿನಲ್ಲಿ ಒತ್ತಡ ಹೆಚ್ಚು ಕಂಡರೆ ಗಾಳಿ ಬಿಡಬೇಡಿ, ತಣಿದಾಗ ಕಡಿಮೆಯಾಗಿಬಿಡುತ್ತದೆ.

ನಾಲ್ಕೂ ಸರಿಯಿದ್ದು ದೀಪ ಉರಿಯುತ್ತಿದ್ದರೆ ಸ್ಟೆಪ್ನಿಯನ್ನು ಅಳೆಯಿರಿ. ಕೆಲವು ವಾಹನಗಳಲ್ಲಿ ಅದಕ್ಕೂ ಸೆನ್ಸರ್ ಇರುತ್ತದೆ.

ದೀಪ ಉರಿಯುವ ರೀತಿ

ಸೆನ್ಸರ್ ಇರುವ ಬಹುತೇಕ ವಾಹನಗಳಲ್ಲಿ ದೀಪ ಎರಡು ಬಗೆಯಲ್ಲಿ ಉರಿಯುತ್ತದೆ. ಹೊತ್ತಿದೊಡನೆ ಸ್ಥಿರವಾಗಿ ನಿಂತರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ. ಎಂಜಿನ್ ಚಾಲೂ ಮಾಡಿದಾಗ ಒಂದು, ಒಂದೂವರೆ ನಿಮಿಷ ಮಿಣುಕಿ ಆಮೇಲೆ ಸ್ಥಿರವಾದರೆ ದೋಷವಿರುವುದು ವ್ಯವಸ್ಥೆಯಲ್ಲಿ. ವಾಹನಕ್ಕೆ ಚಕ್ರದ ಮಾತು ಕೇಳಿಸುತ್ತಿಲ್ಲ. ಗ್ಯಾರೇಜಿಗೆ ಹೋಗುವ ಮೊದಲು ಇದನ್ನು ಗಮನಿಸಿಕೊಳ್ಳಿ. ಮೆಕ್ಯಾನಿಕ್ ಕೇಳಬೇಕಾದ ಮೊದಲ ಪ್ರಶ್ನೆ ಇದೇ, ಆದರೆ ಕೇಳುವವರು ಕಡಿಮೆ.

ಮಾತು ಕೇಳಿಸದಿರಲು ಕಾರಣ ಹೀಗಿದೆ. ಚಕ್ರದ ಒಳಗೆ, ವಾಲ್ವಿನ ಬುಡದಲ್ಲಿ, ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದು ಒತ್ತಡ, ಉಷ್ಣತೆಗಳ ಜೊತೆಗೆ ತನ್ನದೇ ಗುರುತಿನ ಸಂಖ್ಯೆಯನ್ನು ರೇಡಿಯೋ ಅಲೆಯಲ್ಲಿ ಕಳುಹಿಸುತ್ತದೆ. ವಾಹನ ತನಗೆ ಪರಿಚಯವಿರುವ ಸಂಖ್ಯೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನೀವು ಹೊಸ ಅಲಾಯ್ ಚಕ್ರ ಹಾಕಿಸಿ, ಸೆನ್ಸರುಗಳನ್ನು ಹಳೆಯ ಡಿಸ್ಕಿನಲ್ಲಿಯೇ ಬಿಟ್ಟು ಬಂದಿದ್ದರೆ ದೀಪ ಆರುವಂತಿಲ್ಲ. ಹಳೆಯ ಡಿಸ್ಕುಗಳನ್ನು ಅಲ್ಲಿಯೇ ಮಾರಿದವರು ಸೆನ್ಸರುಗಳನ್ನೂ ಮಾರಿದ್ದಾರೆ! ಹೊಸ ಸೆನ್ಸರ್ ಹಾಕಿಸಿದ್ದರೂ ಅದರ ಸಂಖ್ಯೆಯನ್ನು ವಾಹನಕ್ಕೆ ಕಲಿಸಬೇಕು. ಕೆಲವು ವಾಹನಗಳು ಸ್ವಲ್ಪ ಹೊತ್ತು ನಿಲ್ಲಿಸಿ ನಂತರ ಓಡಿಸಿದರೆ ತಾವೇ ಕಲಿಯುತ್ತವೆ. ಕೆಲವಕ್ಕೆ ಗ್ಯಾರೇಜಿನ ಉಪಕರಣ ಬೇಕು. ನಿಮ್ಮದು ಯಾವ ಬಗೆಯೆಂಬುದು ವಾಹನದ ಕೈಪಿಡಿಯಲ್ಲಿದೆ. ಕಲಿಸುವಾಗ ಹಳೆಯ ಚಕ್ರಗಳನ್ನು ವಾಹನದಲ್ಲಿ ಹೇರಿಕೊಂಡಿರಬಾರದು. ಅವುಗಳ ಸಂಖ್ಯೆಯೇ ಮತ್ತೆ ದಾಖಲಾಗಬಹುದು. ವಾಹನ ನಿಂತಿರುವಾಗ ಸೆನ್ಸರ್ ಬಹುಮಟ್ಟಿಗೆ ನಿದ್ರಿಸುತ್ತಿರುತ್ತದೆ. ಆದುದರಿಂದ ಅಂಗಡಿಯ ಅಂಗಳದಲ್ಲಿ ದೀಪ ಆರಲಿಲ್ಲವೆಂದು ಜಗಳ ತೆಗೆಯುವ ಮೊದಲು ಕಾಲು ಗಂಟೆ ಓಡಿಸಿ ನೋಡಿ.

ಪರದೇಶದ ನೆಂಟರಿಂದ ಅಗ್ಗಕ್ಕೆ ಸೆನ್ಸರ್ ತರಿಸುವವರು ಎಚ್ಚರ ವಹಿಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ೪೩೩ ಮೆಗಾಹರ್ಟ್ಸ್ ಅಲೆ. ಅಮೆರಿಕದ ಅನೇಕ ವಾಹನಗಳಲ್ಲಿರುವುದು ೩೧೫. ಅಲೆ ಹೊಂದದಿದ್ದರೆ ಎಷ್ಟು ಕಲಿಸಿದರೂ ಫಲವಿಲ್ಲ.

ಸೆನ್ಸರ್ ಇಲ್ಲದ ವ್ಯವಸ್ಥೆ

ಕೆಲವು ವಾಹನಗಳಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ಕುಗ್ಗಿ ಅದು ಉಳಿದವುಗಳಿಗಿಂತ ಬೇಗ ತಿರುಗುತ್ತದೆ; ಬ್ರೇಕಿನ ಎಬಿಎಸ್ ವ್ಯವಸ್ಥೆ ಈ ವ್ಯತ್ಯಾಸವನ್ನು ಹಿಡಿಯುತ್ತದೆ. ಇಂಥಲ್ಲಿ ಎರಡು ಹೊಸ, ಎರಡು ಸವೆದ ಟೈರು ಇದ್ದರೆ ವ್ಯವಸ್ಥೆಗೆ ಗೊಂದಲವಾಗುತ್ತದೆ. ಪರಿಹಾರವಾಗಿ ರೀಸೆಟ್ ಗುಂಡಿ ಇದೆ. ಆದರೆ ನಾಲ್ಕೂ ಟೈರಿಗೆ ತಕ್ಕ ಗಾಳಿ ತುಂಬಿಸಿದ ಮೇಲೆಯೇ ಅದನ್ನು ಒತ್ತತಕ್ಕದ್ದು. ದೀಪದ ಕಾಟ ತಪ್ಪಲೆಂದು ಗಾಳಿ ಕಡಿಮೆಯಿರುವಾಗ ಒತ್ತಿದರೆ ಆ ಕಡಿಮೆ ಒತ್ತಡವನ್ನೇ ವಾಹನ ಸರಿಯೆಂದು ಕಲಿಯುತ್ತದೆ. ಅನಂತರ ದೀಪ ಆರಿರುತ್ತದೆ, ಅಪಾಯ ಹಾಗೆಯೇ ಇರುತ್ತದೆ.

ವಾಲ್ವ್ ಮತ್ತು ನಮ್ಮ ಮಳೆ

ನಮ್ಮ ಮಳೆಗಾಲ ಲೋಹಕ್ಕೆ ಒಳ್ಳೆಯದಲ್ಲ. ಸೆನ್ಸರಿನ ವಾಲ್ವ್ ಅನೇಕ ವೇಳೆ ಅಲ್ಯೂಮಿನಿಯಮಿನದು. ಅದಕ್ಕೆ ಹಿತ್ತಾಳೆಯ ಸಾಮಾನ್ಯ ಪಿನ್ನನ್ನೋ ಚಂದದ ಲೋಹದ ಮುಚ್ಚಳವನ್ನೋ ಹಾಕಿದರೆ ತೇವದಲ್ಲಿ ಎರಡು ಲೋಹ ಸೇರಿ ಕಿಲುಬು ಹಿಡಿದು ಕಚ್ಚಿಕೊಳ್ಳುತ್ತವೆ. ಗಾಳಿ ತುಂಬಿಸಲು ಹೋದಾಗ ವಾಲ್ವೇ ಮುರಿಯುತ್ತದೆ. ನಿಕಲ್ ಲೇಪಿಸಿದ ಪಿನ್ನು, ಪ್ಲಾಸ್ಟಿಕ್ ಮುಚ್ಚಳಗಳನ್ನೇ ಕೇಳಿ ಹಾಕಿಸಿ. ಟೈರು ಬಿಚ್ಚಿದಾಗಲೆಲ್ಲ ವಾಲ್ವಿನ ರಬ್ಬರ್ ಬಿಲ್ಲೆ ಹೊಸದಾಗಲಿ. ಬಿಚ್ಚುವ ಮೊದಲೇ ಒಳಗೆ ಸೆನ್ಸರ್ ಇದೆಯೆಂದು ಹೇಳಬೇಕು. ವಾಲ್ವಿನ ಬಳಿ ಪಟ್ಟಿ ಹಾಕಿ ಮೀಟಿದರೆ ಅದು ಅಲ್ಲಿಯೇ ಮುರಿಯುತ್ತದೆ. ಸೆನ್ಸರಿನ ಬ್ಯಾಟರಿ ಸಾಮಾನ್ಯವಾಗಿ ೫ರಿಂದ ೧೦ ವರ್ಷ ಬಾಳುತ್ತದೆ. ಎಂಟು ವರ್ಷದ ವಾಹನಕ್ಕೆ ಟೈರು ಹಾಕಿಸುವಾಗಲೇ ಸೆನ್ಸರನ್ನೂ ಬದಲಿಸಿದರೆ ಬಿಚ್ಚುವ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಮೂರು ವರ್ಷದ ವಾಹನದಲ್ಲಿ ನಾಲ್ಕೂ ಒಟ್ಟಿಗೆ ಸತ್ತವೆಂದರೆ ನಂಬಬೇಡಿ.

ಹೊರಗಿನಿಂದ ಮುಚ್ಚಳದಂತೆ ತಿರುಗಿಸುವ ಅಗ್ಗದ ಸೆನ್ಸರುಗಳೂ ಈಗ ದೊರೆಯುತ್ತವೆ. ಅವುಗಳ ಮೇಲೆ ಗುರುತಿರುತ್ತದೆ; ಮುಂದಿನ ಎಡಕ್ಕೆ ಸೇರಿದ್ದನ್ನು ಹಿಂದಿನ ಬಲಕ್ಕೆ ಹಾಕಿದರೆ ನೀವು ತಪ್ಪು ಟೈರಿಗೆ ಗಾಳಿ ತುಂಬಿಸುತ್ತೀರಿ. ಸಡಿಲವಾದರೆ ಅವೇ ಗಾಳಿ ಸೋರಿಸುತ್ತವೆ.

ಕಡೆಗಣಿಸಬಾರದೇಕೆ

ಗಾಳಿ ಕಡಿಮೆಯಾದ ಟೈರು ಹೊರೆಯ ಕೆಳಗೆ ಹೆಚ್ಚು ಬಳುಕಿ ಬಿಸಿಯಾಗುತ್ತದೆ. ಹೇರು ತುಂಬಿ ಮಾಳದ ಇಳಿಜಾರಿನಲ್ಲಿ ಬರುವಾಗ ಅದು ಸಿಡಿದರೆ ವಾಹನ ಹಿಡಿತಕ್ಕೆ ಸಿಗುವುದಿಲ್ಲ. ಅಮೆರಿಕದಲ್ಲಿ ಟೈರು ಕಿತ್ತು ಅನೇಕರು ಸತ್ತ ಬಳಿಕ ೨೦೦೦ದಲ್ಲಿ ಕಾನೂನು ಬಂದು, ೨೦೦೭ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲ ಹೊಸ ಲಘು ವಾಹನಗಳಿಗೂ ಈ ದೀಪ ಕಡ್ಡಾಯವಾಯಿತು. ಅಲ್ಲಿನ ನಿಯಮದಂತೆ ದೀಪ ಹೊತ್ತಬೇಕಾದದ್ದು ಶೇ. ೨೫ರಷ್ಟು ಗಾಳಿ ಇಳಿದಾಗ, ಅಂದರೆ ೩೨ ಪೌಂಡು ೨೪ಕ್ಕೆ ಬಂದಾಗ. ದೀಪವಿದೆಯೆಂದು ಗೇಜನ್ನು ಮರೆಯುವಂತಿಲ್ಲ. ನಮ್ಮಲ್ಲಿ ೨೦೨೦ರ ತಿದ್ದುಪಡಿಯಂತೆ ಟ್ಯೂಬ್‌ಲೆಸ್ ಟೈರು, ದುರಸ್ತಿ ಕಿಟ್ಟು ಮತ್ತು ಈ ವ್ಯವಸ್ಥೆಯಿರುವ ಚಿಕ್ಕ ವಾಹನಗಳಿಗೆ ಸ್ಟೆಪ್ನಿಯೇ ಕಡ್ಡಾಯವಲ್ಲ. ಸ್ಟೆಪ್ನಿ ಇಲ್ಲದ ವಾಹನದಲ್ಲಿ ಸದಾ ಉರಿಯುವ ದೀಪಕ್ಕೆ ಕಣ್ಣು ಒಗ್ಗಿಹೋದರೆ ನಿಜವಾದ ಸೋರಿಕೆಯ ದಿನ ಎಚ್ಚರಿಸುವವರು ಯಾರೂ ಇಲ್ಲ. ಅದರ ಮೇಲೆ ಕಪ್ಪು ಪಟ್ಟಿ ಅಂಟಿಸುವವರೂ ಇದ್ದಾರೆ!

ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಇಂಥ ದೀಪವಿಲ್ಲ. ರಸ್ತೆಗೆಂದು ಗಟ್ಟಿಯಾಗಿ ತುಂಬಿಸಿದ ಟೈರಿನಲ್ಲಿಯೇ ಬೈಲು ಗದ್ದೆಗೆ ಇಳಿದರೆ ಮಣ್ಣು ಗಡಸಾಗುತ್ತದೆ. ಅದೇ ಗೇಜು ಅಲ್ಲಿಯೂ ಬೇಕು.

ಹೊಸ ಸೆನ್ಸರ್ ಹಾಕಿಸುವುದೇ ಆದರೆ, ಟೈರು ಕೂರಿಸುವ ಮೊದಲು ಅದರ ಮೈಮೇಲೆ ಮುದ್ರಿಸಿದ ಸಂಖ್ಯೆಯನ್ನು ಯಾವ ಚಕ್ರದ್ದೆಂಬುದರ ಸಮೇತ ಬರೆದಿಟ್ಟುಕೊಳ್ಳಿ. ಉಪಕರಣಕ್ಕೆ ಸೆನ್ಸರ್ ಸಿಗದಿದ್ದಾಗ ಅನೇಕ ವಾಹನಗಳಲ್ಲಿ ಆ ಸಂಖ್ಯೆಯನ್ನು ಕೈಯಿಂದಲೇ ದಾಖಲಿಸಬಹುದು. ಇಲ್ಲವಾದರೆ ಅದನ್ನು ಓದಲು ಟೈರನ್ನು ಮತ್ತೆ ಬಿಚ್ಚಬೇಕಾಗುತ್ತದೆ.