ಟರ್ಬೊ ಮತ್ತು ‘ಪುಕ್ಕಟೆ’ ಶಕ್ತಿ

ಒಂಬತ್ತನೆಯ ತರಗತಿಯ ‘ಕೆಲಸ ಮತ್ತು ಶಕ್ತಿ’ ಪಾಠಕ್ಕೆ ನಾನು ಆರಿಸಿದ ಉದಾಹರಣೆ ಸ್ವೀಡನ್ನಿನ ಸಾಬ್ 9-5. 1997ರಲ್ಲಿ ಬಂದ ಈ ಮಧ್ಯಮ ಗಾತ್ರದ ಐಷಾರಾಮಿ ಕಾರಿನ ಪೆಟ್ರೋಲ್ ಎಂಜಿನ್ನುಗಳೆಲ್ಲ ಟರ್ಬೊ ಎಂಜಿನ್ನುಗಳೇ. ಹೊರಹೋಗುವ ಹೊಗೆ ಟರ್ಬೈನನ್ನು ತಿರುಗಿಸುತ್ತದೆ, ಅದೇ ದಂಡಕ್ಕೆ ಕೂಡಿಸಿದ ಕಂಪ್ರೆಸರ್ ಸಿಲಿಂಡರಿಗೆ ಹೆಚ್ಚು ಗಾಳಿ ಒತ್ತುತ್ತದೆ, “ಪುಕ್ಕಟೆ ಶಕ್ತಿ!” ಎಂದುಬಿಟ್ಟೆ.

“ಹಾಗಾದ್ರೆ ಶಕ್ತಿ ಸಂರಕ್ಷಣಾ ನಿಯಮ ಸುಳ್ಳಾ ಮಿಸ್?” ಎಂದಳು ಹಿಂದಿನ ಬೆಂಚಿನ ಹುಡುಗಿ.

ತಪ್ಪು ನನ್ನದೇ. ಹೆಚ್ಚಿನ ಶಕ್ತಿ ಬರುವುದು ಹೆಚ್ಚು ಗಾಳಿಯೊಡನೆ ಉರಿಯುವ ಹೆಚ್ಚು ಪೆಟ್ರೋಲಿನಿಂದ. ಟರ್ಬೈನ್ ಬಳಸುವುದು ಹೊಗೆಯ ಶಾಖ, ಒತ್ತಡಗಳನ್ನು. ಅದು ಹೊರದಾರಿಗೆ ಅಡ್ಡವಾಗುವುದರಿಂದ ಹೊಗೆಯನ್ನು ದೂಡಲು ಪಿಸ್ಟನ್ನೂ ಕೊಂಚ ಹೆಚ್ಚು ದುಡಿಯಬೇಕು. ಒತ್ತಿದ ಗಾಳಿ ಬಿಸಿಯಾಗುತ್ತದೆ (ಸೈಕಲ್ ಪಂಪಿನ ತಳ ಮುಟ್ಟಿಸಿ ನೋಡಿ). ಇಂಟರ್‌ಕೂಲರ್ ಅದನ್ನು ತಣಿಸಿ ಸಾಂದ್ರತೆ ಹೆಚ್ಚಿಸುತ್ತದೆ. 3 ಲೀಟರ್ ವಿ6 ಎಂಜಿನ್ನಿನಲ್ಲಂತೂ ಮೂರೇ ಸಿಲಿಂಡರುಗಳ ಹೊಗೆ ಟರ್ಬೊ ತಿರುಗಿಸಿ, ಆರಕ್ಕೂ ಗಾಳಿ ಒದಗಿಸುತ್ತದೆ.

ಸನ್ನೆಯ ಪಾಠಕ್ಕೂ ಈ ಕಾರು ಒದಗುತ್ತದೆ. ಹಿಂದಿನಿಂದ ಇನ್ನೊಂದು ವಾಹನ ಗುದ್ದಿದಾಗ, ಸೀಟಿಗೆ ಒತ್ತುವ ಬೆನ್ನಿನ ಬಲವೇ ಸನ್ನೆಯ ಮೂಲಕ ತಲೆಯಾಸರೆಯನ್ನು ಮೇಲಕ್ಕೂ ಮುಂದಕ್ಕೂ ತಳ್ಳಿ ಕುತ್ತಿಗೆಯನ್ನು ಕಾಯುತ್ತದೆ.

ಮರುದಿನ ತರಗತಿಯಲ್ಲಿ ಆ ‘ಪುಕ್ಕಟೆ’ಯನ್ನು ಹಿಂತೆಗೆದುಕೊಂಡೆ. ಪಾಠಯೋಜನೆಯಲ್ಲೂ ಅದನ್ನು ಹೊಡೆದುಹಾಕಿ, ಅವಳ ಪ್ರಶ್ನೆಯನ್ನೇ ಪೀಠಿಕೆಯಾಗಿ ಬರೆದಿದ್ದೇನೆ.